ಥರ್ಮಲ್ ಪ್ಲಾಂಟ್‌ಗೆ ಹೊಸದಾಗಿ ಸೇರಿದ್ದೀರಾ? ಮೊದಲು ಲೈನ್ ಹಿಡಿದು ನಡೆಯಿರಿ

ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಕಡೆಯ ಹುಡುಗರು, ಹುಡುಗಿಯರು ಪ್ರತಿ ವರ್ಷ ಶಕ್ತಿನಗರ, ಯರಮರಸ್, ಕುಡತಿನಿಯ ಗೇಟು ದಾಟಿ ಒಳಗೆ ಹೋಗುತ್ತಾರೆ. ಕೆಲವರು ಅಪ್ರೆಂಟಿಸ್ ಆಗಿ, ಕೆಲವರು ಗುತ್ತಿಗೆ ಕೆಲಸಕ್ಕೆ, ಇನ್ನು ಕೆಲವರು ಓವರ್‌ಹಾಲ್ (ಯೂನಿಟ್ ನಿಲ್ಲಿಸಿ ಮಾಡುವ ದೊಡ್ಡ ರಿಪೇರಿ) ಸಮಯದಲ್ಲಿ ಒಂದೆರಡು ತಿಂಗಳ ಮಟ್ಟಿಗೆ. ಮೊದಲ ವಾರ ಎಲ್ಲರ ಪಾಡೂ ಒಂದೇ. ಕಿವಿ ತುಂಬ ಸದ್ದು, ಮೈ ತುಂಬ ಬೆವರು, ತಲೆ ಎತ್ತಿದಲ್ಲೆಲ್ಲ ಪೈಪು. ಜೊತೆಯ ಹಿರಿಯರು ಎಫ್‌ಡಿ, ಐಡಿ, ಪಿಎ, ಸಿಇಪಿ, ಬಿಎಫ್‌ಪಿ ಅಂತ ಅಕ್ಷರಗಳಲ್ಲೇ ಮಾತಾಡುತ್ತಾರೆ. ಕೇಳೋಕೆ ಸಂಕೋಚ. ಕೇಳದೆ ಇದ್ದರೆ ಏನೂ ತಿಳಿಯಲ್ಲ.

ಹೊಸಬರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಕಂಟ್ರೋಲ್ ರೂಮಿಗೆ ಹೋಗಿ ಎಸಿ ಗಾಳಿಯಲ್ಲಿ ಪರದೆ ನೋಡುತ್ತಾ ನಿಲ್ಲುವುದು. ಅಲ್ಲಿ ಎಲ್ಲವೂ ಬಣ್ಣದ ಗೆರೆ, ಅಂಕಿ. ನೋಡಿದರೆ ಅರ್ಥವಾದ ಹಾಗೆ ಅನಿಸುತ್ತದೆ. ಆದರೆ ಪರದೆಯ ಮೇಲಿನ ಆ ಗೆರೆ ನೆಲದ ಮೇಲೆ ಎಲ್ಲಿದೆ, ಅದರ ವಾಲ್ವ್ ಯಾವ ಮಹಡಿಯಲ್ಲಿದೆ, ಅದರ ಪಕ್ಕ ನಿಂತರೆ ಏನು ಅಪಾಯ, ಇದು ಗೊತ್ತಿಲ್ಲದವರು ಆಪತ್ತು ಬಂದಾಗ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಪ್ಯಾನೆಲ್ ಆಮೇಲೆ ನೋಡಿ. ಮೊದಲು ಕಲ್ಲಿದ್ದಲು, ಗಾಳಿ, ನೀರು, ಬೂದಿ, ಈ ನಾಲ್ಕರ ದಾರಿಯನ್ನು ಒಂದೊಂದಾಗಿ ಕಾಲಿನಲ್ಲೇ ನಡೆದು ನೋಡಿ. ಪ್ರತಿ ಜಾಗದಲ್ಲೂ ಎರಡು ಪ್ರಶ್ನೆ ಕೇಳಿ. ಇಲ್ಲಿ ನನಗೆ ಏನು ಪೆಟ್ಟಾಗಬಹುದು? ಇದನ್ನು ನಿಲ್ಲಿಸುವುದು ಎಲ್ಲಿಂದ?

ನೀವಿರುವ ಪ್ಲಾಂಟ್ ಯಾವುದು?

ಇದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಯಾಕೆಂದರೆ ನಮ್ಮ ಭಾಗದ ಮೂರು ದೊಡ್ಡ ಪ್ಲಾಂಟ್‌ಗಳು ಮೂರು ಕಾಲದವು. ದೇವಸೂಗೂರಿನ ಪಕ್ಕ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿರುವ ಆರ್‌ಟಿಪಿಎಸ್‌ನ (ರಾಯಚೂರು ಥರ್ಮಲ್) ಮೊದಲ ಯೂನಿಟ್ ಶುರುವಾದದ್ದು 1985ರಲ್ಲಿ. ಯೂನಿಟ್ ಅಂದರೆ ಬಾಯ್ಲರ್, ಟರ್ಬೈನ್, ಜನರೇಟರ್ ಸೇರಿದ ಒಂದು ಘಟಕ. ಅಲ್ಲಿ 210 ಮೆಗಾವ್ಯಾಟ್‌ನ 7 ಯೂನಿಟ್, 250ರ ಒಂದು ಯೂನಿಟ್, ಒಟ್ಟು 1720 ಮೆಗಾವ್ಯಾಟ್. ಬಳ್ಳಾರಿ ಹತ್ತಿರದ ಕುಡತಿನಿಯ ಬಿಟಿಪಿಎಸ್‌ನಲ್ಲಿ 500ರ ಎರಡು, 700ರ ಒಂದು. ರಾಯಚೂರು ಪಕ್ಕದ ಯರಮರಸ್‌ನ ವೈಟಿಪಿಎಸ್‌ನಲ್ಲಿ 800ರ ಎರಡು.

ಯರಮರಸ್‌ನ ಎರಡೂ ಯೂನಿಟ್, ಕುಡತಿನಿಯ ಮೂರನೇ ಯೂನಿಟ್ ಸೂಪರ್‌ಕ್ರಿಟಿಕಲ್, ಅಂದರೆ ಬಹಳ ಹೆಚ್ಚು ಒತ್ತಡದಲ್ಲಿ ಓಡುವಂಥವು. ಅಲ್ಲಿ ಬಾಯ್ಲರ್‌ಗೆ ಹಬೆ, ನೀರು ಬೇರ್ಪಡಿಸುವ ಡ್ರಮ್ ಇರುವುದಿಲ್ಲ. ಆರ್‌ಟಿಪಿಎಸ್‌ನಲ್ಲಿ ಕಲಿತ ಗೆಳೆಯ ಹೇಳಿದ ಅಂತ ಯರಮರಸ್‌ನಲ್ಲಿ ಡ್ರಮ್ ಲೆವೆಲ್ ಹುಡುಕುತ್ತಾ ಹೋಗಬೇಡಿ. ಮುಂದೆ ನಾನು ಹೇಳುವ ಅಂಕಿಗಳು ಹೆಚ್ಚಾಗಿ 210ರ ಯೂನಿಟ್‌ಗೆ ಹೊಂದುವಂಥವು. ನಿಮ್ಮ ಯೂನಿಟ್‌ನ ಅಂಕಿಯನ್ನು ನಿಮ್ಮ ಪ್ಲಾಂಟ್‌ನ ಕೈಪಿಡಿಯಿಂದ ಬರೆದುಕೊಳ್ಳಿ.

ಒಳಗೆ ಹೋಗುವ ಮುನ್ನ

ಜೇಬಿನಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್, ಪೆನ್ಸಿಲ್, ಒಳ್ಳೆ ಟಾರ್ಚ್. ಪೆನ್ನು ಬೇಡ, ಬೆವರಿಗೆ ಶಾಯಿ ಹರಡುತ್ತದೆ. ತುಂಬು ತೋಳಿನ ಹತ್ತಿ ಅಂಗಿ ಹಾಕಿ. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹೆಲ್ಮೆಟ್, ಸೇಫ್ಟಿ ಶೂ, ಇಯರ್ ಪ್ಲಗ್, ಧೂಳಿನ ಮಾಸ್ಕ್ ಕೊಡಬೇಕಾದದ್ದು ಕೆಲಸ ಕೊಟ್ಟವರು. ಕೊಡದಿದ್ದರೆ ಕೇಳಿ ಪಡೆಯಿರಿ. ಅದು ಅವರು ಮಾಡುವ ಉಪಕಾರ ಅಲ್ಲ.

ಇನ್ನು ಟವೆಲ್ ವಿಷಯ. ನಮ್ಮ ಬಿಸಿಲಿಗೆ ತಲೆಗೋ ಕೊರಳಿಗೋ ಟವೆಲ್ ಸುತ್ತುವುದು ರೂಢಿ. ಗೇಟಿನ ಹೊರಗೆ ಎಷ್ಟು ಬೇಕಾದರೂ ಸುತ್ತಿಕೊಳ್ಳಿ. ಒಳಗೆ ಬರುವಾಗ ಬಿಚ್ಚಿಡಿ. ತಿರುಗುವ ರೋಲರ್‌ಗೆ ಟವೆಲ್ಲಿನ ತುದಿ ಸಿಕ್ಕರೆ ಕೈ ಬಿಡಿಸಿಕೊಳ್ಳುವಷ್ಟೂ ಸಮಯ ಸಿಗುವುದಿಲ್ಲ. ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು, ಕೈಗೆ ಕಟ್ಟಿದ ದಾರ ಎಲ್ಲಕ್ಕೂ ಇದೇ ಮಾತು.

ಮೊದಲ ದಾರಿ: ಕಲ್ಲಿದ್ದಲು

ರೈಲು ಬಂದು ನಿಲ್ಲುವ ಜಾಗದಿಂದ ಶುರು ಮಾಡಿ. ನಮ್ಮ ಪ್ಲಾಂಟ್‌ಗಳಿಗೆ ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರ, ಒಡಿಶಾ ಕಡೆಯ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ಸುಮಾರು 58 ವ್ಯಾಗನ್‌ಗಳ ಒಂದು ರೇಕ್‌ನಲ್ಲಿ ಹೆಚ್ಚೂ ಕಡಿಮೆ 3,800 ಟನ್ ಇರುತ್ತದೆ. ಮನೆಯ ಮೀಟರ್ ತೋರಿಸುವ ಒಂದು ಯೂನಿಟ್ ಕರೆಂಟ್‌ಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕು ಅಂತ ಹಿಡಿದರೆ, 210 ಮೆಗಾವ್ಯಾಟ್ ಪೂರ್ತಿ ಲೋಡ್‌ಗೆ ಗಂಟೆಗೆ 135 ಟನ್ ಆಯಿತು. ದಿನಕ್ಕೆ 3,200 ಟನ್ ಮೇಲೆ. ಅಂದರೆ ಪ್ಲಾಂಟ್‌ನ ಒಂದು ಯೂನಿಟ್ ಹೆಚ್ಚುಕಡಿಮೆ ದಿನಕ್ಕೊಂದು ರೈಲು ತಿನ್ನುತ್ತದೆ. ಈ ಲೆಕ್ಕವನ್ನು ಒಮ್ಮೆ ನೀವೇ ಕೂತು ಮಾಡಿ. ರೇಕ್ ಬರುವುದು ತಡವಾದರೆ ಪ್ಲಾಂಟ್‌ನಲ್ಲಿ ಯಾಕೆ ಅಷ್ಟು ಗಾಬರಿ ಅನ್ನುವುದು ಆಗ ತಿಳಿಯುತ್ತದೆ.

ವ್ಯಾಗನ್ ಟಿಪ್ಲರ್ ಅನ್ನು ಒಮ್ಮೆ ದೂರದಿಂದ ನಿಂತು ನೋಡಲೇಬೇಕು. ತುಂಬಿದ ವ್ಯಾಗನ್ನನ್ನು ಬಿಗಿಯಾಗಿ ಹಿಡಿದು, ಹಾಗೇ ಮಗುಚಿ, ಕೆಳಗಿನ ಹಾಪರ್‌ಗೆ ಸುರಿಯುತ್ತದೆ. ಅಲ್ಲಿಂದ ಕನ್ವೇಯರ್ ಬೆಲ್ಟ್, ಬೆಲ್ಟಿನ ಮೇಲೆ ಕಬ್ಬಿಣದ ತುಣುಕು ಎಳೆದುಕೊಳ್ಳುವ ಅಯಸ್ಕಾಂತ, ನಂತರ ಕ್ರಷರ್. ಕ್ರಷರ್‌ನಿಂದ ಹೊರಬರುವಾಗ ಕಲ್ಲಿದ್ದಲು 20-25 ಮಿಲಿಮೀಟರ್ ತುಂಡುಗಳಾಗಿರುತ್ತದೆ. ಅದು ಬಾಯ್ಲರ್ ಪಕ್ಕದ ಬಂಕರ್‌ಗೆ (ಕಲ್ಲಿದ್ದಲು ತುಂಬಿಡುವ ದೊಡ್ಡ ತೊಟ್ಟಿ) ಹೋಗುತ್ತದೆ, ಇಲ್ಲವೇ ಯಾರ್ಡ್‌ನಲ್ಲಿ ರಾಶಿ ಬೀಳುತ್ತದೆ.

ಬೆಲ್ಟಿನ ಉದ್ದಕ್ಕೂ ಪಕ್ಕದಲ್ಲಿ ಒಂದು ಹಗ್ಗ ಓಡಿರುತ್ತದೆ. ಅದು ಪುಲ್ ಕಾರ್ಡ್. ಎಲ್ಲಿ ಎಳೆದರೂ ಬೆಲ್ಟ್ ನಿಲ್ಲಬೇಕು. ನಡೆಯುವಾಗ ಆ ಹಗ್ಗ ನಿಮ್ಮ ಕೈಗೆಟುಕುವ ಕಡೆಯೇ ಇರಲಿ. ಹಗ್ಗ ತುಂಡಾಗಿರುವುದೋ, ಧೂಳಿನಲ್ಲಿ ಹೂತು ಹೋಗಿರುವುದೋ ಕಂಡರೆ ಆ ಪಾಳಿಯಲ್ಲೇ ತಿಳಿಸಿ. ಓಡುವ ಬೆಲ್ಟಿನ ಅಡಿಯಲ್ಲಿ ನುಸುಳಬೇಡಿ, ಮೇಲೆ ಹಾರಬೇಡಿ. ದಾಟೋಕೆ ಮೆಟ್ಟಿಲ ಸೇತುವೆ ಇರುತ್ತದೆ. ನೂರು ಹೆಜ್ಜೆ ಜಾಸ್ತಿ ಆದರೂ ಅದರ ಮೇಲೇ ಹೋಗಿ.

ಯಾರ್ಡ್‌ನಲ್ಲಿ ಕಲ್ಲಿದ್ದಲು ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳುತ್ತದೆ. ರಾಶಿಯ ಒಳಗೆ ಗಾಳಿ ಸೇರಿ, ನಿಧಾನವಾಗಿ ಬಿಸಿ ಏರಿ, ಒಂದು ದಿನ ಹೊಗೆ ಕಾಣಿಸುತ್ತದೆ. ಬುಲ್‌ಡೋಜರ್ ಓಡಿಸಿ ರಾಶಿಯನ್ನು ದಮ್ಮಸು ಮಾಡುವುದು, ನೀರು ಹೊಡೆಯುವುದು, ಹಳೆಯದನ್ನು ಮೊದಲು ಬಳಸುವುದು ಇದಕ್ಕಾಗಿಯೇ. ಹೊಗೆ ಬರುವ ರಾಶಿಯ ಮೇಲೆ ಕಾಲಿಡಬೇಡಿ, ಒಳಗೆ ಟೊಳ್ಳಾಗಿರಬಹುದು.

ಮಳೆಗಾಲದ್ದು ಬೇರೆ ಗೋಳು. ಒದ್ದೆ ಕಲ್ಲಿದ್ದಲು ಅಂಟಂಟಾಗಿ ಚೂಟ್‌ನಲ್ಲಿ (ಕಲ್ಲಿದ್ದಲು ಜಾರಿ ಇಳಿಯುವ ಕೊಳವೆ), ಬಂಕರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಕಲ್ಲಿದ್ದಲು ಪುಡಿಮಾಡುವ ಮಿಲ್‌ಗೆ ಅದು ಇಳಿಯಲ್ಲ, ಲೋಡ್ ಬೀಳುತ್ತದೆ, ಕಂಟ್ರೋಲ್ ರೂಮಿನಿಂದ ಫೋನ್ ಮೇಲೆ ಫೋನ್. ಆ ಅವಸರದಲ್ಲಿ ಯಾರಾದರೂ "ಸ್ವಲ್ಪ ಒಳಗಿಳಿದು ಸಲಾಕೆ ಹಾಕಪ್ಪಾ" ಅಂದರೆ ಇಳಿಯಬೇಡಿ. ಕಟ್ಟಿಕೊಂಡ ಕಲ್ಲಿದ್ದಲಿನ ಅಡಿ ಖಾಲಿ ಇರುತ್ತದೆ. ಅದು ಕುಸಿದರೆ ಮನುಷ್ಯನನ್ನು ಸಮೇತ ನುಂಗುತ್ತದೆ. ಹೊರಗಿನಿಂದ ಬಡಿಯಲು, ಚುಚ್ಚಲು ಬೇರೆ ವಿಧಾನಗಳಿವೆ.

ಬಂಕರ್ ಕೆಳಗೆ ಕಲ್ಲಿದ್ದಲನ್ನು ಅಳತೆಯಲ್ಲಿ ಬಿಡುವ ಫೀಡರ್, ಫೀಡರ್ ಕೆಳಗೆ ಮಿಲ್. 210ರ ಯೂನಿಟ್‌ಗೆ ಸಾಮಾನ್ಯವಾಗಿ 6 ಬೌಲ್ ಮಿಲ್ ಇರುತ್ತವೆ. ಎಲ್ಲವೂ ಒಟ್ಟಿಗೆ ಓಡಲ್ಲ, ಒಂದೆರಡು ಕಾಯ್ದಿಟ್ಟ ಮಿಲ್. ಇಲ್ಲಿ ಕಲ್ಲಿದ್ದಲು ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನುಣ್ಣಗಾಗುತ್ತದೆ. ನೂರರಲ್ಲಿ 70 ಪಾಲು 75 ಮೈಕ್ರಾನ್ ಜರಡಿಯಲ್ಲಿ ಇಳಿಯಬೇಕು ಅನ್ನುವುದು ಅಳತೆ. ದಪ್ಪ ಉಳಿದರೆ ಪೂರ್ತಿ ಉರಿಯದೆ ಬೂದಿಯ ಜೊತೆ ಹೊರಗೆ ಹೋಗುತ್ತದೆ, ಸುಟ್ಟ ದುಡ್ಡು ಅಷ್ಟೂ ದಂಡ.

ಮಿಲ್ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ. ಅರೆಯಲಾಗದ ಕಲ್ಲು, ಕಬ್ಬಿಣದ ಅದಿರಿನಂಥ ತುಣುಕುಗಳು ಒಂದು ಪಕ್ಕದ ಬಾಕ್ಸಿಗೆ ಬೀಳುತ್ತಿರುತ್ತವೆ. ಅದನ್ನು ರಿಜೆಕ್ಟ್ ಅಂತಾರೆ. ಅದರಲ್ಲಿ ಬರೀ ಕಲ್ಲು ಇದ್ದರೆ ಮಿಲ್ ಸರಿಯಾಗಿದೆ. ಒಳ್ಳೆ ಕಲ್ಲಿದ್ದಲೇ ಜಾಸ್ತಿ ಬೀಳುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಮಿಲ್‌ನ ರೋಲರ್ ಸವೆದಿದೆ, ಇಲ್ಲವೇ ಫೀಡ್ ಮಿತಿಮೀರಿದೆ. ಪರದೆ ಇದನ್ನು ನಿಮಗೆ ನೇರವಾಗಿ ಹೇಳುವುದಿಲ್ಲ, ಆ ಬಾಕ್ಸ್ ಹೇಳುತ್ತದೆ. ಹಾಗೇ ಮಿಲ್‌ನ ಹೊರಹೋಗುವ ಉಷ್ಣತೆ ಗಮನಿಸಿ. 75ರಿಂದ 90 ಡಿಗ್ರಿ ಒಳಗೆ ಇಡುವುದು ವಾಡಿಕೆ. ಅದು ಸುಮ್ನೆ ಏರತೊಡಗಿದರೆ ಒಳಗೆ ಬೆಂಕಿ ಅಂತ ಅನುಮಾನಿಸಿ. ಬಾಗಿಲು ತೆಗೆದು ಇಣುಕಬೇಡಿ. ಗಾಳಿ ಸಿಕ್ಕಿದ ನುಣುಪು ಪುಡಿ ಸಿಡಿಯುತ್ತದೆ.

ಎರಡನೇ ದಾರಿ: ಗಾಳಿ ಮತ್ತು ಹೊಗೆ

ಇದು ಚಿಕ್ಕ ದಾರಿ. ಮೂರು ಬಗೆಯ ಫ್ಯಾನ್ ಗುರುತು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಎಫ್‌ಡಿ ಫ್ಯಾನ್ ಉರಿಯಲು ಬೇಕಾದ ಗಾಳಿಯನ್ನು ಒಳಗೆ ತಳ್ಳುತ್ತದೆ. ಪಿಎ ಫ್ಯಾನ್ ಕಲ್ಲಿದ್ದಲಿನ ಪುಡಿಯನ್ನು ಒಣಗಿಸಿ ಮಿಲ್‌ನಿಂದ ಬರ್ನರ್‌ಗೆ ಹೊತ್ತೊಯ್ಯುತ್ತದೆ. ಐಡಿ ಫ್ಯಾನ್ ಹೊಗೆಯನ್ನು ಎಳೆದು ಚಿಮಣಿಗೆ ಕಳಿಸುತ್ತದೆ. ನಡುವೆ ಏರ್ ಪ್ರಿಹೀಟರ್ ಇದೆ. ಹೊರಹೋಗುವ ಹೊಗೆಯ ಬಿಸಿಯನ್ನು ಒಳಬರುವ ಗಾಳಿಗೆ ಕೊಡುವ, ನಿಧಾನಕ್ಕೆ ತಿರುಗುವ ದೊಡ್ಡ ಚಕ್ರ ಅದು.

ತಳ್ಳುವ ಗಾಳಿಗಿಂತ ಎಳೆಯುವುದು ಒಂದು ತೂಕ ಜಾಸ್ತಿ ಇರುವಂತೆ ಇಟ್ಟಿರುತ್ತಾರೆ. ಹಾಗಾಗಿ ಕುಲುಮೆಯ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಸ್ವಲ್ಪ ಕಡಿಮೆ. ಬೆಂಕಿ ಹೊರಗೆ ಚಿಮ್ಮದೆ ಇರುವುದು ಇದರಿಂದಲೇ.

ಬಾಯ್ಲರ್ ಗೋಡೆಯಲ್ಲಿ ಬೆಂಕಿ ನೋಡುವ ಸಣ್ಣ ಕಿಂಡಿಗಳಿರುತ್ತವೆ. ಹಿರಿಯರ ಜೊತೆ ಹೋಗಿ ಒಮ್ಮೆ ನೋಡಿ. ನೀಲಿ ಗಾಜು ಹಿಡಿದು, ಕಿಂಡಿಯ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತು, ಮುಚ್ಚಳವನ್ನು ನಿಧಾನಕ್ಕೆ ಸರಿಸಿ. ನಾಲ್ಕೂ ಮೂಲೆಯಿಂದ ಬಂದ ಜ್ವಾಲೆ ನಡುವೆ ಸುತ್ತುತ್ತಾ ಇರುತ್ತದೆ. ಬೆಂಕಿ ಹೊಳಪಾಗಿ, ಒಂದೇ ಸಮ ಇದ್ದರೆ ಒಳ್ಳೆಯದು. ಮಿಣುಕುತ್ತಿದ್ದರೆ, ಕಪ್ಪು ಎಳೆ ಕಾಣುತ್ತಿದ್ದರೆ ಕಂಟ್ರೋಲ್ ರೂಮಿನ ಡೆಸ್ಕ್‌ಗೆ ತಿಳಿಸಿ. ಪಕ್ಕಕ್ಕೆ ನಿಲ್ಲಿ ಅಂದದ್ದು ಯಾಕೆಂದರೆ, ಮೇಲಿನಿಂದ ದೊಡ್ಡ ಕ್ಲಿಂಕರ್ (ಕರಗಿ ಗಟ್ಟಿಯಾದ ಬೂದಿಯ ಹೆಂಟೆ) ಬಿದ್ದರೆ ಕ್ಷಣಹೊತ್ತು ಒಳಗಿನ ಒತ್ತಡ ಏರಿ ಕಿಂಡಿಯಿಂದ ಬೆಂಕಿ ಹೊರಚಾಚುತ್ತದೆ.

ಬೆಂಕಿ ಆರಿಹೋದಾಗ ಮತ್ತೆ ಹಚ್ಚುವ ಮುನ್ನ ಪರ್ಜ್ ಮಾಡುವುದನ್ನು ನೋಡುತ್ತೀರಿ. ಕನಿಷ್ಠ 5 ನಿಮಿಷ ಬರೀ ಗಾಳಿ ಓಡಿಸಿ ಒಳಗೆ ಉಳಿದ ಪುಡಿ, ಎಣ್ಣೆಯ ಆವಿ ತೆಗೆಯುತ್ತಾರೆ. ಈ 5 ನಿಮಿಷ ಉಳಿಸಲು ಹೋದ ಕಡೆ ಕುಲುಮೆಗಳೇ ಸ್ಫೋಟವಾಗಿವೆ. ಎಷ್ಟೇ ಅವಸರ ಇರಲಿ, ಇದನ್ನು ಬೈಪಾಸ್ ಮಾಡುವ ಮಾತಿಗೆ ತಲೆ ಆಡಿಸಬೇಡಿ.

ಮೂರನೇ ದಾರಿ: ನೀರು ಮತ್ತು ಹಬೆ

ಇದಕ್ಕೆ ಜಾಸ್ತಿ ದಿನ ಕೊಡಿ. ಇದೊಂದು ಸುತ್ತು, ಕೊನೆ ಇಲ್ಲ. ಹಾಗಾಗಿ ಎಲ್ಲಿಂದಲಾದರೂ ಶುರು ಮಾಡಬಹುದು. ನಾನಾದರೆ ಜೀರೊ ಮೀಟರ್‌ನಿಂದ, ಅಂದರೆ ನೆಲಮಟ್ಟದಿಂದ, ಹಬೆಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್ ಅಡಿಯಿಂದ ಶುರು ಮಾಡಿ ಅನ್ನುತ್ತೇನೆ.

ಕಂಡೆನ್ಸರ್ ತಳದ ಹಾಟ್‌ವೆಲ್‌ನಲ್ಲಿ ನೀರು ನಿಂತಿರುತ್ತದೆ. ಸಿಇಪಿ ಅಂದರೆ ಕಂಡೆನ್ಸೇಟ್ ಪಂಪ್ ಅದನ್ನು ಎತ್ತಿ ಎಲ್‌ಪಿ (ಕಡಿಮೆ ಒತ್ತಡದ) ಹೀಟರ್‌ಗಳ ಮೂಲಕ ಡಿಏರೇಟರ್‌ಗೆ ಕಳಿಸುತ್ತದೆ. ಡಿಏರೇಟರ್ ಮೇಲಿನ ಮಹಡಿಯಲ್ಲಿರುತ್ತದೆ, ಮೆಟ್ಟಿಲು ಹತ್ತಿ ಹೋಗಿ ನೋಡಿ. ನೀರಿನಲ್ಲಿ ಕರಗಿದ ಆಮ್ಲಜನಕ ತೆಗೆಯುವುದು ಅದರ ಕೆಲಸ, ಇಲ್ಲದಿದ್ದರೆ ಟ್ಯೂಬು ತುಕ್ಕು ಹಿಡಿಯುತ್ತದೆ. ಅಷ್ಟು ಎತ್ತರದಲ್ಲಿ ಇಟ್ಟಿರುವುದು ಕೆಳಗಿನ ಬಾಯ್ಲರ್ ಫೀಡ್ ಪಂಪ್‌ಗೆ ನೀರು ಸಾಕಷ್ಟು ಒತ್ತಡದಲ್ಲಿ ಸಿಗಲಿ ಅಂತ. ಪ್ಲಾಂಟ್‌ನಲ್ಲಿ ಅತಿ ಹೆಚ್ಚು ಒತ್ತಡ ಹುಟ್ಟುವುದು ಈ ಬಿಎಫ್‌ಪಿಯಲ್ಲೇ. ಅದರ ಡಿಸ್ಚಾರ್ಜ್ ಲೈನ್‌ನ ಫ್ಲ್ಯಾಂಜ್ (ಪೈಪಿನ ಬೋಲ್ಟ್ ಜೋಡಣೆ) ಎದುರು ಹರಟೆ ಹೊಡೆಯುತ್ತಾ ನಿಲ್ಲಬೇಡಿ.

ಅಲ್ಲಿಂದ ಎಚ್‌ಪಿ (ಹೆಚ್ಚು ಒತ್ತಡದ) ಹೀಟರ್, ಹೊಗೆಯ ಬಿಸಿಯಲ್ಲಿ ನೀರು ಕಾಯಿಸುವ ಎಕನಾಮೈಸರ್, ನಂತರ ಬಾಯ್ಲರ್ ತುದಿಯ ಡ್ರಮ್. ಡ್ರಮ್‌ನಿಂದ ನೀರು ದಪ್ಪ ಪೈಪುಗಳಲ್ಲಿ ಕೆಳಗಿಳಿದು, ಕುಲುಮೆಯ ಗೋಡೆಯೇ ಆಗಿರುವ ವಾಟರ್‌ವಾಲ್ ಟ್ಯೂಬುಗಳಲ್ಲಿ ಕುದಿಯುತ್ತಾ ಮತ್ತೆ ಮೇಲೇರುತ್ತದೆ. ಡ್ರಮ್‌ನಲ್ಲಿ ಹಬೆ, ನೀರು ಬೇರೆಯಾಗುತ್ತವೆ. ಹಬೆ ಸೂಪರ್‌ಹೀಟರ್‌ನಲ್ಲಿ ಕಾದು 540 ಡಿಗ್ರಿ ಆಸುಪಾಸು, ಚದರ ಸೆಂಟಿಮೀಟರಿಗೆ ಸುಮಾರು 150 ಕೆಜಿ ಒತ್ತಡದಲ್ಲಿ ಟರ್ಬೈನ್‌ಗೆ ಹೋಗುತ್ತದೆ. ಸೂಪರ್‌ಕ್ರಿಟಿಕಲ್ ಯೂನಿಟ್‌ನಲ್ಲಿ ಒತ್ತಡ 221 ಬಾರ್ ದಾಟಿರುತ್ತದೆ. ಆ ಒತ್ತಡದಲ್ಲಿ ನೀರು, ಹಬೆ ಅನ್ನುವ ಭೇದವೇ ಇರಲ್ಲ, ಬೇರ್ಪಡಿಸಲು ಡ್ರಮ್ಮೂ ಬೇಡ.

ಬಾಯ್ಲರ್ ನೆಲದ ಮೇಲೆ ಕೂತಿಲ್ಲ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಸಾವಿರಾರು ಟನ್ ತೂಕದ ಬಾಯ್ಲರ್ ಮೇಲಿನ ಉಕ್ಕಿನ ತೊಲೆಗಳಿಂದ ತೂಗುಬಿದ್ದಿದೆ. ಕಾದಾಗ ಉದ್ದ ಹಿಗ್ಗುತ್ತದಲ್ಲ, ಅದು ಕೆಳಮುಖವಾಗಿ ಹಿಗ್ಗಲಿ ಅಂತ. ಪೂರ್ತಿ ಬಿಸಿಯಾದಾಗ ತಳಭಾಗ ಅರ್ಧ ಅಡಿಗೂ ಜಾಸ್ತಿ ಕೆಳಗಿಳಿದಿರುತ್ತದೆ. ಒಂದೊಂದು ಮಹಡಿಯ ಮೂಲೆಯಲ್ಲೂ ಮುಳ್ಳು ಮತ್ತು ಅಳತೆ ಪಟ್ಟಿ ಇರುತ್ತವೆ. ತಣ್ಣಗಿದ್ದಾಗ ಒಮ್ಮೆ, ಪೂರ್ತಿ ಲೋಡ್‌ನಲ್ಲಿ ಒಮ್ಮೆ ಆ ಮುಳ್ಳು ಎಲ್ಲಿದೆ ಅಂತ ಬರೆದುಕೊಳ್ಳಿ. ನಾಲ್ಕೂ ಮೂಲೆ ಒಂದೇ ರೀತಿ ಇಳಿಯಬೇಕು. ಒಂದು ಮೂಲೆ ಹಿಂದುಳಿದರೆ ಏನೋ ಅಡ್ಡ ಸಿಕ್ಕಿಕೊಂಡಿದೆ ಅಂತ ಅರ್ಥ.

ಹಬೆ ಬಗ್ಗೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಇಟ್ಟುಕೊಳ್ಳಿ. ನಮಗೆ ಕಾಣುವ ಬಿಳಿ ಮೋಡ ನಿಜವಾದ ಹಬೆಯಲ್ಲ, ತಣ್ಣಗಾಗಿ ಹನಿಗಟ್ಟಿದ ನೀರು. 540 ಡಿಗ್ರಿಯ ಹಬೆ ಕಣ್ಣಿಗೆ ಕಾಣುವುದೇ ಇಲ್ಲ. ಸೋರುವ ಜಾಗದ ಹತ್ತಿರ ಬರೀ ಸದ್ದು ಇರುತ್ತದೆ, ಬಿಳಿ ಕಾಣುವುದು ಅಲ್ಲಿಂದ ದೂರದಲ್ಲಿ. ಕಿವಿ ಕೊರೆಯುವ ಸುಯ್ ಸದ್ದು ಕೇಳಿ, ಎಲ್ಲಿಂದ ಅಂತ ಕಾಣದಿದ್ದರೆ ಹುಡುಕುತ್ತಾ ಮುಂದೆ ಹೋಗಬೇಡಿ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಬೇರೆಯವರನ್ನೂ ತಡೆಯಿರಿ, ಡೆಸ್ಕ್‌ಗೆ ಹೇಳಿ.

ಬಾಯ್ಲರ್ ಒಳಗಿನ ಟ್ಯೂಬ್ ಲೀಕ್ ಕೂಡ ಮೊದಲು ಕಿವಿಗೇ ಸಿಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30-40ರಷ್ಟು ಬೂದಿ. ಆ ಬೂದಿ ಹೊಗೆಯ ಜೊತೆ ಹಾರುತ್ತಾ ಟ್ಯೂಬುಗಳನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಎಲ್ಲೋ ಒಂದು ಕಡೆ ತೂತು ಬೀಳುತ್ತದೆ. ಆಗ ದಿನವೂ ಕೇಳುವ ಸದ್ದಿನಲ್ಲಿ ಹೊಸದೊಂದು ಶಬ್ದ ಸೇರಿರುತ್ತದೆ. ಜೊತೆಗೆ ಡಿಎಂ (ಲವಣ ತೆಗೆದ) ನೀರಿನ ಖರ್ಚು ಏರುತ್ತದೆ, ಹಬೆಯ ಹರಿವಿಗಿಂತ ಫೀಡ್ ನೀರಿನ ಹರಿವು ಜಾಸ್ತಿ ತೋರಿಸುತ್ತದೆ, ಐಡಿ ಫ್ಯಾನ್‌ಗೆ ಲೋಡ್ ಏರುತ್ತದೆ. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಬಾಯ್ಲರ್ ಸುತ್ತು ಹಾಕುವವರಿಗೆ ಈ ಹೊಸ ಶಬ್ದ ಬೇಗ ತಿಳಿಯುತ್ತದೆ. ಬೇಗ ತಿಳಿದರೆ ಒಂದು ಟ್ಯೂಬ್ ರಿಪೇರಿ. ತಡವಾದರೆ ಆ ಲೀಕಿನ ಹಬೆ ಪಕ್ಕದ ಹತ್ತು ಟ್ಯೂಬು ಕೊರೆದಿರುತ್ತದೆ.

ಟರ್ಬೈನ್ ಮಹಡಿ

ಇಲ್ಲಿ ನೆಲ ಸ್ವಚ್ಛ, ಬೆಳಕು ಚೆನ್ನ, ಎಲ್ಲರಿಗೂ ಇಷ್ಟವಾಗುವ ಜಾಗ. ಹಬೆ ಮೊದಲು ಎಚ್‌ಪಿ ಟರ್ಬೈನ್‌ನಲ್ಲಿ ಕೆಲಸ ಮಾಡಿ, ಬಾಯ್ಲರ್‌ಗೆ ವಾಪಸ್ ಹೋಗಿ ರೀಹೀಟರ್‌ನಲ್ಲಿ ಕಾದು, ಐಪಿ (ಮಧ್ಯಮ ಒತ್ತಡದ), ಎಲ್‌ಪಿ ಟರ್ಬೈನ್ ದಾಟಿ ಕಂಡೆನ್ಸರ್‌ಗೆ ಬೀಳುತ್ತದೆ. ಶಾಫ್ಟ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ನಮ್ಮ ಮನೆಗೆ ಬರುವ ಕರೆಂಟಿನ 50 ಹರ್ಟ್ಜ್ ಹುಟ್ಟುವುದು ಈ ಸುತ್ತಿನಿಂದ.

ಯೂನಿಟ್ ನಿಂತ ಮೇಲೂ ಶಾಫ್ಟ್ ನಿಧಾನಕ್ಕೆ ತಿರುಗುತ್ತಲೇ ಇರುವುದನ್ನು ಗಮನಿಸಿ. ಅದು ಬ್ಯಾರಿಂಗ್ ಗೇರ್. ಬಿಸಿ ಶಾಫ್ಟ್ ತಿರುಗದೆ ನಿಂತರೆ ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಬೇರೆ ತಣ್ಣಗಾಗಿ ಬಾಗುತ್ತದೆ. ಬಾಗಿದ ಶಾಫ್ಟ್ ತಿರುಗಿಸಿದರೆ ಒಳಗೆ ಉಜ್ಜುತ್ತದೆ. ಹಾಗಾಗಿ ನಿಂತ ಯೂನಿಟ್ ಅಂತ ಲ್ಯೂಬ್ ಆಯಿಲ್ ಪಂಪ್‌ಗೆ ಕೈ ಹಾಕಬೇಡಿ.

ಕಂಡೆನ್ಸರ್ ವ್ಯಾಕ್ಯೂಮ್ (ಅದರೊಳಗಿನ ನಿರ್ವಾತ) ನಮ್ಮ ಊರಿನ ಬಿಸಿಲಿಗೆ ನೇರ ಸಂಬಂಧ ಇರುವ ಅಂಕಿ. ಕಲ್ಲಿದ್ದಲಿನಲ್ಲಿದ್ದ ಶಾಖದಲ್ಲಿ ಹೆಚ್ಚೂ ಕಡಿಮೆ ಅರ್ಧ ಈ ಕಂಡೆನ್ಸರ್ ಮೂಲಕ ತಣ್ಣೀರಿಗೆ ಹೋಗಿಬಿಡುತ್ತದೆ, ಕರೆಂಟ್ ಆಗುವುದು ಮೂರನೇ ಒಂದು ಪಾಲಿನ ಆಸುಪಾಸು. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟಿದಾಗ ಕೂಲಿಂಗ್ ನೀರೇ ಬೆಚ್ಚಗಿರುತ್ತದೆ. ಹಬೆ ಚೆನ್ನಾಗಿ ತಣಿಯಲ್ಲ, ವ್ಯಾಕ್ಯೂಮ್ ಬೀಳುತ್ತದೆ, ಅಷ್ಟೇ ಕಲ್ಲಿದ್ದಲಿಗೆ ಕಡಿಮೆ ಕರೆಂಟ್ ಬರುತ್ತದೆ. ಊರವರಿಗೆ ಫ್ಯಾನು, ಕೂಲರ್ ಜಾಸ್ತಿ ಬೇಕಾದ ಹೊತ್ತಿಗೇ ಯೂನಿಟ್‌ಗೂ ಕಷ್ಟ. ನಿಮ್ಮ ನೋಟ್‌ಬುಕ್‌ನಲ್ಲಿ ಜನವರಿಯ ವ್ಯಾಕ್ಯೂಮ್, ಮೇ ತಿಂಗಳ ವ್ಯಾಕ್ಯೂಮ್ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

ಜನರೇಟರ್ ಭಾಗವನ್ನು ಎಲೆಕ್ಟ್ರಿಕಲ್‌ನವರ ಜೊತೆಯೇ ನೋಡಬೇಕು, ಒಬ್ಬರೇ ಹೋಗಬೇಡಿ. 210ರ ಜನರೇಟರ್ 15.75 ಕೆವಿಯಲ್ಲಿ ಕರೆಂಟ್ ಕೊಡುತ್ತದೆ. ಹೊರಗಿನ ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸಿ ಸ್ವಿಚ್‌ಯಾರ್ಡ್‌ಗೆ ಕಳಿಸುತ್ತದೆ. ಒಳಗೆ ತಂಪಿಗೆ ಹೈಡ್ರೋಜನ್ ತುಂಬಿರುತ್ತಾರೆ. ಗಾಳಿಯ ಜೊತೆ ನೂರಕ್ಕೆ 4ರಷ್ಟು ಬೆರೆತರೂ ಹೊತ್ತಿಕೊಳ್ಳುವ ಅನಿಲ. ಆ ಆವರಣದಲ್ಲಿ ಬೀಡಿ, ಬೆಂಕಿಕಡ್ಡಿ, ಕಿಡಿ ಹಾರಿಸುವ ಯಾವ ಕೆಲಸವೂ ಕೂಡದು.

ನಾಲ್ಕನೇ ದಾರಿ: ಬೂದಿ

ಎಲ್ಲರೂ ಮೂಗು ಮುಚ್ಚಿಕೊಂಡು ಬಿಟ್ಟುಬಿಡುವ ದಾರಿ ಇದು. ಆದರೆ ದಿನಕ್ಕೆ 3,200 ಟನ್ ಕಲ್ಲಿದ್ದಲು ಉರಿದರೆ ಸಾವಿರ ಟನ್ ಮೇಲೆ ಬೂದಿ ಬರುತ್ತದೆ, ಒಂದೇ ಯೂನಿಟ್‌ಗೆ. ಅದರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ದಪ್ಪ ಬೂದಿಯಾಗಿ ಕುಲುಮೆಯ ತಳಕ್ಕೆ ಬೀಳುತ್ತದೆ. ಉಳಿದದ್ದು ಹಾರುಬೂದಿ. ಅದನ್ನು ಚಿಮಣಿ ಸೇರದಂತೆ ಹಿಡಿಯುವುದು ಇಎಸ್‌ಪಿ. ಹತ್ತಾರು ಸಾವಿರ ವೋಲ್ಟ್ ಕೊಟ್ಟು ಬೂದಿಯ ಕಣಗಳಿಗೆ ವಿದ್ಯುತ್ ಅಂಟಿಸಿ, ತಗಡುಗಳ ಮೇಲೆ ಕೂರಿಸಿ, ಸುತ್ತಿಗೆಯಿಂದ ಬಡಿದು ಕೆಳಗಿನ ಹಾಪರ್‌ಗೆ ಉದುರಿಸುತ್ತದೆ. ಹತ್ತಿರ ನಿಂತರೆ ಆ ಸುತ್ತಿಗೆಗಳು ಬಿಟ್ಟು ಬಿಟ್ಟು ಬಡಿಯುವುದು ಕೇಳುತ್ತದೆ. ಒಂದು ಸಾಲಿನ ಸುತ್ತಿಗೆ ಮೌನವಾಗಿದ್ದರೆ ಬರೆದುಕೊಂಡು ಹೇಳಿ.

ಹಾಪರ್ ಕಟ್ಟಿಕೊಂಡಾಗ ಕೆಳಗಿನ ಸಣ್ಣ ಬಾಗಿಲು ತೆಗೆದು ಸಲಾಕೆ ಹಾಕುವ ಅಭ್ಯಾಸ ಇದೆ. ಬಹಳ ಕೆಟ್ಟ ಸಾವು ನೋವು ಆಗಿರುವುದು ಇಂಥ ಕೆಲಸದಲ್ಲೇ. ಒಳಗೆ ಗಾಳಿ ಸೇರಿದ ಬಿಸಿ ಬೂದಿ ದ್ರವದ ಹಾಗೆ ಒಮ್ಮೆಲೇ ನುಗ್ಗುತ್ತದೆ. ಕೆಳಗೆ ನಿಂತವರು ಓಡಲು ಆಗುವುದಿಲ್ಲ. ಪರ್ಮಿಟ್ (ಕೆಲಸಕ್ಕೆ ಬರೆದು ಕೊಡುವ ಅನುಮತಿ ಚೀಟಿ), ಶಾಖ ತಡೆಯುವ ಬಟ್ಟೆ, ಮುಖಕ್ಕೆ ರಕ್ಷಣೆ, ಹಿಂದೆ ಸರಿಯಲು ಖಾಲಿ ದಾರಿ ಇಷ್ಟೂ ಇಲ್ಲದೆ ಆ ಬಾಗಿಲಿಗೆ ಕೈ ಹಚ್ಚಬೇಡಿ.

ಬೂದಿ ಹೊಂಡದ ಮೇಲ್ಮೈ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದ ಹಾಗೆ ಕಾಣುತ್ತದೆ. ಅಡಿಯಲ್ಲಿ ಕೆಸರು. ಅದರ ಮೇಲೆ ನಡೆಯಬೇಡಿ. ಸುತ್ತಲ ಊರಿನ ದನಗಾಹಿ ಮಕ್ಕಳಿಗೂ ಇದನ್ನು ಹೇಳಿ. ಒಣ ಹಾರುಬೂದಿ ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಬೂದಿ ತುಂಬುವ ಲಾರಿಯ ಹತ್ತಿರ ಕೆಲಸ ಮಾಡುವವರು ಮಾಸ್ಕ್ ಬಿಡಲೇಬಾರದು, ಅದರ ನುಣುಪು ಧೂಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ಕುಡತಿನಿಯಲ್ಲಿ ಕೆಲಸ ಸಿಕ್ಕವರು ಒಂದು ರಜೆಯ ದಿನ ಅಲ್ಲಿನ ಹಳೆಯ ಬೂದಿದಿಬ್ಬ ನೋಡಿ ಬನ್ನಿ. ಹೊಸ ಶಿಲಾಯುಗದ ದನಗಾಹಿಗಳು ಸೆಗಣಿ ರಾಶಿ ಹಾಕಿ ಸುಟ್ಟು ಉಳಿದ ದಿಬ್ಬ ಅದು. ಸಾವಿರಾರು ವರ್ಷವಾದರೂ ಕರಗಿಲ್ಲ. ನಾವು ಇವತ್ತು ಹೊಂಡಕ್ಕೆ ಬಿಡುವ ಬೂದಿಯೂ ಸುಲಭಕ್ಕೆ ಎಲ್ಲೂ ಹೋಗುವುದಿಲ್ಲ, ಅಲ್ವಾ? ಇಟ್ಟಿಗೆಯೋ ಸಿಮೆಂಟೋ ಆದಷ್ಟೂ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ.

ಪರ್ಮಿಟ್: ಸ್ಪ್ಯಾನರ್ ಹಿಡಿಯುವ ಮುನ್ನ

ನಾಲ್ಕು ದಾರಿ ನಡೆದ ಮೇಲೆ ಪರ್ಮಿಟ್ ಚೀಟಿಯ ಸಾಲುಗಳು ತಾನಾಗಿ ಅರ್ಥವಾಗುತ್ತವೆ. ಈ ವಾಲ್ವ್ ಮುಚ್ಚಿದೆ ಅಂತ ಬರೆದಿದ್ದರೆ ಅದು ಎಲ್ಲಿದೆ ಅಂತ ನಿಮಗೆ ಗೊತ್ತು. ಹೋಗಿ ನೋಡಬಹುದು. ನೋಡಲೇಬೇಕು.

ಒಂದು ಪಂಪ್ ಬಿಚ್ಚುವ ಕೆಲಸ ಅಂತ ಇಟ್ಟುಕೊಳ್ಳಿ. ಮೊದಲು ಮೋಟರ್‌ನ ಬ್ರೇಕರ್ ಹೊರಗೆಳೆದಿದ್ದಾರಾ ನೋಡಿ. ಬಟನ್ ಆಫ್ ಮಾಡಿದರೆ ಸಾಲದು. ದೊಡ್ಡ ಮೋಟರ್‌ಗಳು 6.6 ಕೆವಿಯವು, ಅರ್ತ್ ಮಾಡಿದ್ದಾರಾ ಅಂತ ಎಲೆಕ್ಟ್ರಿಕಲ್‌ನವರ ಬಾಯಲ್ಲೇ ಕೇಳಿ. ಆಮೇಲೆ ಪಂಪಿನ ಎರಡೂ ಕಡೆಯ ವಾಲ್ವ್ ಮುಚ್ಚಿ, ಬೀಗ ಹಾಕಿ, ಟ್ಯಾಗ್ ಕಟ್ಟಿರಬೇಕು. ನಂತರ ಡ್ರೇನ್, ವೆಂಟ್ ತೆಗೆದು ಒತ್ತಡ ಇಳಿದಿದೆ ಅಂತ ಕಣ್ಣಾರೆ ನೋಡಿ. ಡ್ರೇನ್‌ನಿಂದ ಏನೂ ಬರುತ್ತಿಲ್ಲ ಅಂದರೆ ಖಾಲಿ ಅಂತಲೇ ಅಲ್ಲ, ಡ್ರೇನ್ ಕಟ್ಟಿಕೊಂಡಿರಲೂಬಹುದು. ಗೇಜ್ ನೋಡಿ, ಪೈಪಿನ ಬಿಸಿ ನೋಡಿ. ಕೊನೆಗೆ ಲೋಕಲ್ ಬಟನ್ ಒತ್ತಿ ಪಂಪ್ ಶುರುವಾಗಲ್ಲ ಅಂತ ಖಾತ್ರಿ ಮಾಡಿಕೊಂಡು ಕೆಲಸ ಹಿಡಿಯಿರಿ. ಬೋಲ್ಟ್ ಬಿಚ್ಚುವಾಗ ನಿಮ್ಮಿಂದ ದೂರದ ಬೋಲ್ಟ್ ಮೊದಲು ಸಡಿಲಿಸಿ, ಒಳಗೆ ಏನಾದರೂ ಉಳಿದಿದ್ದರೆ ಆ ಕಡೆಗೆ ಚಿಮ್ಮಲಿ.

ನಿಮ್ಮ ಬೀಗದ ಕೀ ನಿಮ್ಮ ಜೇಬಲ್ಲೇ ಇರಬೇಕು. ಮೇಸ್ತ್ರಿ ಆಗಲಿ, ಸೂಪರ್‌ವೈಸರ್ ಆಗಲಿ, "ಪರ್ಮಿಟ್ ಬರ್ತಾ ಇದೆ, ನೀನು ಶುರು ಮಾಡಪ್ಪಾ" ಅಂದರೆ, "ಬರಲಿ ಸರ್, ಬಂದ ಕೂಡಲೇ ಮಾಡ್ತೀನಿ" ಅಂತ ಮರ್ಯಾದೆಯಿಂದಲೇ ಹೇಳಿ, ಕೂತುಕೊಳ್ಳಿ. ಗುತ್ತಿಗೆ ಕೆಲಸದಲ್ಲಿ ಹೀಗೆ ಹೇಳುವುದು ಕಷ್ಟ ಅಂತ ನನಗೆ ಗೊತ್ತು. ನಾಳೆ ಬರಬೇಡ ಅಂದುಬಿಟ್ಟರೆ ಅನ್ನುವ ಭಯ ಇರುತ್ತದೆ. ಅದಕ್ಕೇ ಗ್ಯಾಂಗ್‌ನಲ್ಲಿ ಎಲ್ಲರೂ ಮೊದಲೇ ಮಾತಾಡಿಕೊಂಡು ಒಟ್ಟಿಗೆ ಹೇಳಿ. ಒಬ್ಬರ ಮಾತು ತಳ್ಳಿಹಾಕಬಹುದು, ಹತ್ತು ಜನರದ್ದು ಕಷ್ಟ. ಪಾಳಿ ಬದಲಾದರೆ ಪರ್ಮಿಟ್ ಬಾಯಿಮಾತಿನಲ್ಲಿ ದಾಟಿಸಬೇಡಿ, ಬರೆದು ದಾಟಿಸಿ.

ಈಗ ಕಂಟ್ರೋಲ್ ರೂಮಿಗೆ

ಈ ಹೊತ್ತಿಗೆ ಪರದೆ ನೋಡಿದರೆ ಕಥೆಯೇ ಬೇರೆ. ಫರ್ನೇಸ್ ಡ್ರಾಫ್ಟ್ (ಕುಲುಮೆಯೊಳಗಿನ ಒತ್ತಡ) ಅಂಕಿ ಕಂಡರೆ ಆ ಕಿಂಡಿ ನೆನಪಿಗೆ ಬರುತ್ತದೆ. ಡೆಸ್ಕ್‌ನವರು ಬಿಡುವಾಗಿದ್ದಾಗ ಮಾತ್ರ ಕೇಳಿ, ಲೋಡ್ ಏರಿಸುವಾಗ, ಇಳಿಸುವಾಗ, ಏನಾದರೂ ಟ್ರಿಪ್ ಆದಾಗ (ತಾನಾಗಿ ನಿಂತುಹೋದಾಗ) ಹಿಂದೆ ಸರಿದು ಸುಮ್ನೆ ನಿಂತು ನೋಡಿ. ಒಂದು ಟ್ರಿಪ್ ಆದರೆ ಮೊದಲು ಬಂದ ಅಲಾರ್ಮ್ ಯಾವುದು, ಅದರ ಹಿಂದೆ ಯಾವುದು ಅಂತ ಸರಣಿ ಬರೆದುಕೊಳ್ಳಿ. ಮುಂದೆ ಬಾಯ್ಲರ್ ಆಪರೇಷನ್ ಎಂಜಿನಿಯರ್ ಪ್ರಮಾಣಪತ್ರದ ಪರೀಕ್ಷೆ ಬರೆಯುವ ಆಸೆ ಇದ್ದವರಿಗೆ ಈ ಟಿಪ್ಪಣಿ ಗೈಡ್ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಓವರ್‌ಹಾಲ್ ಬಂದಾಗ ಬಿಡಬೇಡಿ. ಓಡುವ ಪ್ಲಾಂಟ್‌ನಲ್ಲಿ ಹೊರಗಿನಿಂದ ಮಾತ್ರ ನೋಡಿದ್ದನ್ನೆಲ್ಲ ಆಗ ಒಳಗಿನಿಂದ ನೋಡಬಹುದು: ವಾಟರ್‌ವಾಲ್ ಟ್ಯೂಬು, ಸವೆದ ಮಿಲ್ ರೋಲರ್, ಟರ್ಬೈನ್‌ನ ಬ್ಲೇಡು, ಇಎಸ್‌ಪಿಯ ತಗಡು. ಒಳಗಿಳಿಯುವ ಮುನ್ನ ಆಮ್ಲಜನಕ ಅಳೆದಿರಬೇಕು, ನೂರಕ್ಕೆ 19.5ಕ್ಕಿಂತ ಕಡಿಮೆ ಇರಬಾರದು. ದೀಪ 24 ವೋಲ್ಟ್‌ನದ್ದೇ ಆಗಿರಬೇಕು. ತಲೆಯ ಮೇಲೆ ಅಂಟಿಕೊಂಡ ಕ್ಲಿಂಕರ್ ಕೆಡವಿದ್ದಾರಾ ಕೇಳಿ. ಬಾಗಿಲಲ್ಲಿ ಒಬ್ಬರು ಕಾವಲಿಗೆ ಇರಲೇಬೇಕು, ಅವರ ಕೈಯಲ್ಲಿ ಒಳಹೋದವರ ಹೆಸರಿನ ಪಟ್ಟಿ. ಒಳಗೆ ಹೋಗುವಾಗ ನಿಮ್ಮ ಹೆಸರು ಬರೆಸಿ, ಹೊರಗೆ ಬಂದ ಕೂಡಲೇ ಹೊಡೆದು ಹಾಕಿಸಿ, ಆಮೇಲೆ ಚಹಾಕ್ಕೆ ಹೋಗಿ.